ರಸ್ತೆ ಜಾಸ್ತಿಯಾಯ್ತು, ದಾರಿ ಕಮ್ಮಿಯಾಯ್ತು: ಕೊಡಗಿನ ಪೇಟೆಗಳ ಬೀದಿ ಲೆಕ್ಕ

ಕುಶಾಲನಗರದ ಸುತ್ತ ಗದ್ದೆ ಇದ್ದ ಕಡೆಯೆಲ್ಲ ಈಗ ಸೈಟು. ಮುಳ್ಳುಸೋಗೆ, ಗುಮ್ಮನಕೊಲ್ಲಿ, ಮಾದಾಪಟ್ಟಣ, ಯಾವ ಕಡೆ ಹೋದರೂ ಹೊಸ ಬಡಾವಣೆ, ಹೊಸ ಕಾಂಕ್ರೀಟ್ ರಸ್ತೆ, ಕಮಾನಿನ ಮೇಲೆ ದೊಡ್ಡದಾಗಿ ಒಂದು ಹೆಸರು. ಇಷ್ಟು ರಸ್ತೆ ಬಂದ ಮೇಲೆ ಓಡಾಟ ಸಲೀಸಾಗಬೇಕಿತ್ತು, ಅಲ್ವಾ? ಆಗಿರುವುದು ಉಲ್ಟಾ. ಪಕ್ಕದ ಬಡಾವಣೆಯಲ್ಲಿರುವ ಅಂಗಡಿಗೆ ಹೋಗಬೇಕಾದರೂ ಮೈನ್ ರೋಡಿಗೆ ಇಳಿದು, ಲಾರಿ, ಬಸ್ಸು, ದುಬಾರೆ ಆನೆ ಶಿಬಿರಕ್ಕೆ ಹೊರಟ ಟೆಂಪೋ ಟ್ರಾವೆಲರ್‌ಗಳ ಮಧ್ಯೆ ನುಗ್ಗಿ, ಸ್ವಲ್ಪ ದೂರ ಹೋಗಿ ಮತ್ತೆ ಒಳಗೆ ತಿರುಗಬೇಕು.

ಇದಕ್ಕೆ ಜನ ಕೊಡುವ ಕಾರಣ ಬೇರೆ ಬೇರೆ. ರಸ್ತೆ ಅಗಲ ಸಾಲದು ಅಂತಾರೆ. ಟೂರಿಸ್ಟ್ ಗಾಡಿ ಜಾಸ್ತಿ ಅಂತಾರೆ. ಪಾರ್ಕಿಂಗ್ ಸರಿ ಇಲ್ಲ ಅಂತಾರೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಯಾರೂ ಹೇಳದ ಒಂದು ಕಾರಣ ಇದೆ, ನನ್ನ ಪ್ರಕಾರ ಅದೇ ದೊಡ್ಡದು: ನಮ್ಮ ಹೊಸ ರಸ್ತೆಗಳು ಒಂದಕ್ಕೊಂದು ಸೇರುವುದಿಲ್ಲ. ಇಷ್ಟು ಕಿಲೋಮೀಟರ್ ರಸ್ತೆಗೆ ಕಾಂಕ್ರೀಟ್ ಹಾಕಿದೆವು ಅಂತ ಲೆಕ್ಕ ಕೊಡುತ್ತಾರೆ. ಆ ರಸ್ತೆಗಳು ಎಷ್ಟು ಕಡೆ ಕೂಡುತ್ತವೆ ಅಂತ ಯಾರೂ ಎಣಿಸುವುದಿಲ್ಲ.

ಎಣಿಸುವುದು ಕಷ್ಟವೂ ಅಲ್ಲ. ಒಂದು ಮಾಮೂಲಿ ಬಡಾವಣೆಯನ್ನು ಕಾಗದದ ಮೇಲೆ ಬರೆಯಿರಿ. ಮೈನ್ ರೋಡಿನಿಂದ ಒಳಗೆ ಹೋಗುವ ಒಂದು ನೇರ ರಸ್ತೆ. ಅದಕ್ಕೆ ಐದು ಕಡೆ ಎಡಕ್ಕೂ ಬಲಕ್ಕೂ ಅಡ್ಡರಸ್ತೆ, ಅಂದರೆ ಒಟ್ಟು ಹತ್ತು ಅಡ್ಡರಸ್ತೆ, ಹತ್ತೂ ಕಾಂಪೌಂಡ್ ಗೋಡೆಗೆ ಹೋಗಿ ನಿಲ್ಲುತ್ತವೆ. ಈಗ ರಸ್ತೆ ತುಂಡುಗಳನ್ನು ಎಣಿಸಿ: ನೇರ ರಸ್ತೆಯಲ್ಲಿ 5, ಅಡ್ಡಕ್ಕೆ 10, ಒಟ್ಟು 15. ಆಮೇಲೆ ಬಿಂದುಗಳನ್ನು ಎಣಿಸಿ: ಮೈನ್ ರೋಡಿಗೆ ಸೇರುವ ಜಾಗ 1, ಒಳಗಿನ ಜಂಕ್ಷನ್ 5, ರಸ್ತೆ ಮುಗಿಯುವ ತುದಿ 10, ಒಟ್ಟು 16. ಹದಿನೈದನ್ನು ಹದಿನಾರರಿಂದ ಭಾಗಿಸಿದರೆ 0.94. ಈ ಸಂಖ್ಯೆ 1ಕ್ಕಿಂತ ಕಮ್ಮಿ ಬಂತು ಅಂದರೆ ಆ ಬಡಾವಣೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇರುವುದು ಒಂದೇ ದಾರಿ. ಎಲ್ಲ ಕಡೆ ಚೌಕ ಚೌಕವಾಗಿ ಕೂಡುವ ದೊಡ್ಡ ಬೀದಿಜಾಲದಲ್ಲಿ ಇದೇ ಸಂಖ್ಯೆ 2ರ ಹತ್ತಿರ ಬರುತ್ತದೆ. ಸುಮಾರು 1.4 ಇದ್ದರೆ ನಡೆದಾಡುವುದಕ್ಕೆ ಪರವಾಗಿಲ್ಲ ಅಂತ ಯೋಜನೆ ಮಾಡುವವರು ಹೇಳುತ್ತಾರೆ.

ಈಗ ಬಲಗಡೆಯ ಐದು ತುದಿಗಳನ್ನು ಹಿಂದಿನಿಂದ ಒಂದು ರಸ್ತೆ ಹಾಕಿ ಸೇರಿಸಿ. ಹೊಸದಾಗಿ ಬಂದದ್ದು ನಾಲ್ಕೇ ತುಂಡು. ಈಗ 19 ತುಂಡು, 16 ಬಿಂದು, ಅಂದರೆ 1.19. ಎಡಗಡೆಗೂ ಅದೇ ಮಾಡಿದರೆ 23 ತುಂಡು, 16 ಬಿಂದು, 1.44. ಎಂಟು ಸಣ್ಣ ತುಂಡು ಹಾಕಿದ್ದಕ್ಕೆ ಬಡಾವಣೆಯ ಗುಣವೇ ಬದಲಾಯ್ತು. ಹಾಗಂತ ಪೂರ್ತಿ ಖುಷಿಪಡುವ ಹಾಗೂ ಇಲ್ಲ. ಹೊರಗೆ ಹೋಗುವ ಬಾಗಿಲು ಈಗಲೂ ಒಂದೇ. ಈ ಭಾಗಾಕಾರಕ್ಕೆ ಅದು ಗೊತ್ತಾಗುವುದಿಲ್ಲ. ಪಕ್ಕದ ಬಡಾವಣೆಗೆ ದಾರಿ ಇದೆಯಾ ಅನ್ನುವುದನ್ನು ಕಣ್ಣಲ್ಲೇ ನೋಡಬೇಕು.

ದಾರಿಗಳು ಕೂಡಿದರೆ ಸಿಗುವ ಲಾಭ ಎಷ್ಟು ಅಂತ ಇನ್ನೊಂದು ಲೆಕ್ಕ ನೋಡಿ. ಮೂರಕ್ಕೆ ಮೂರು, ಒಟ್ಟು ಒಂಬತ್ತು ಚೌಕಗಳ ಪುಟ್ಟ ಬೀದಿಜಾಲ ಇದೆ ಅಂದುಕೊಳ್ಳಿ. ಒಂದು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪವೂ ದೂರ ಹೆಚ್ಚಾಗದ ಹಾಗೆ 20 ಬೇರೆ ಬೇರೆ ದಾರಿಯಲ್ಲಿ ಹೋಗಬಹುದು. ಒಂದು ಕಡೆ ಯುಜಿಡಿ (ಒಳಚರಂಡಿ) ಅಂತ ಅಗೆದರು, ಇನ್ನೊಂದು ಕಡೆ ಮದುವೆ ಶಾಮಿಯಾನ ಹಾಕಿದರು ಅಂದರೂ ತೊಂದರೆ ಇಲ್ಲ. ನಮ್ಮ ಬಡಾವಣೆಗಳು ಇರುವುದು ಕಾಫಿ ಗಿಡದ ಥರ. ಒಂದು ರೆಕ್ಕೆಯ, ಅಂದರೆ ಕೊಂಬೆಯ, ತುದಿಯಲ್ಲಿರುವ ಇರುವೆ ಪಕ್ಕದ ರೆಕ್ಕೆಗೆ ಹೋಗಬೇಕಾದರೆ ಕಾಂಡದ ತನಕ ವಾಪಸ್ ಬರಲೇಬೇಕು. ಎಲ್ಲ ಇರುವೆಗಳೂ ಕಾಂಡದಲ್ಲೇ ಓಡಾಡಿದರೆ ಕಾಂಡದಲ್ಲಿ ಜಾಮ್ ಆಗದೆ ಇನ್ನೇನಾಗುತ್ತದೆ? ಇಲ್ಲಿ ಆ ಕಾಂಡ ಅಂದರೆ ರಾಷ್ಟ್ರೀಯ ಹೆದ್ದಾರಿ 275, ನಾವು ಹಳೇ ಅಭ್ಯಾಸದಲ್ಲಿ ಬಿ.ಎಂ. ರಸ್ತೆ ಅನ್ನುವುದು. ಬೆಂಗಳೂರಿಂದ ಮಂಗಳೂರಿಗೆ ಹೋಗುವ ಗಾಡಿಯೂ ಅದರಲ್ಲೇ, ಹಾಲು ತರಲು ಹೊರಟ ಸ್ಕೂಟರೂ ಅದರಲ್ಲೇ.

ಹಳೇ ಪೇಟೆಗಳು ಹೀಗಿರಲಿಲ್ಲ. ಮಡಿಕೇರಿ 1681ರಲ್ಲಿ ಹಾಲೇರಿ ವಂಶದ ಮುದ್ದುರಾಜ ಕಟ್ಟಿದ ಊರು. ವಿರಾಜಪೇಟೆ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿದ ಪೇಟೆ. ಎರಡೂ ಕಾಲ್ನಡಿಗೆ ಮತ್ತು ಎತ್ತಿನ ಗಾಡಿಯ ಕಾಲದವು. ನಡೆಯುವವನಿಗೆ ಸುತ್ತು ದಾರಿ ಅಂದರೆ ಕಾಲು ನೋವು, ಹಾಗಾಗಿ ಎಲ್ಲಿ ಅಡ್ಡ ಹಾಯಬಹುದೋ ಅಲ್ಲೆಲ್ಲ ಸಂದಿ ಬಿಟ್ಟುಕೊಂಡೇ ಪೇಟೆ ಬೆಳೆಯಿತು. ಮಡಿಕೇರಿಯ ಚೌಕಿಯಲ್ಲಿ ನಿಂತರೆ ನಾಲ್ಕಾರು ಕಡೆಗೆ ರಸ್ತೆ ಒಡೆಯುತ್ತದೆ. ಮಹದೇವಪೇಟೆಯ ಅಂಗಡಿ ಸಾಲಿನ ಮಧ್ಯೆ ಒಬ್ಬ ಮನುಷ್ಯ, ಒಂದು ಚೀಲ ಹಿಡಿಸುವಷ್ಟೇ ಅಗಲದ ಓಣಿಗಳಿವೆ. ರಸ್ತೆ ಇಕ್ಕಟ್ಟು, ನಿಜ. ಶುಕ್ರವಾರ ಸಂತೆ ದಿನ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಸಿಕ್ಕಿಹಾಕಿಕೊಳ್ಳುವುದು ಗಾಡಿಯವರು ಮಾತ್ರ, ನಡೆಯುವವರಿಗೆ ಹೇಗೋ ಒಂದು ದಾರಿ ಸಿಗುತ್ತದೆ.

ಮಡಿಕೇರಿಯ ಇನ್ನೊಂದು ವಿಶೇಷ ಮೆಟ್ಟಿಲು. ಗುಡ್ಡದ ಊರಿನಲ್ಲಿ ರಸ್ತೆ ಗುಡ್ಡದ ಮೈ ಸುತ್ತಿಕೊಂಡು ಹೋಗುತ್ತದೆ, ಕೆಳಗಿನ ರಸ್ತೆಗೆ ಗಾಡಿಯಲ್ಲಿ ಹೋಗಬೇಕಾದರೆ ದೊಡ್ಡ ತಿರುವು ಹಾಕಬೇಕು. ಕಾಲಿಗಾದರೆ ಎರಡು ಮನೆಗಳ ನಡುವೆ ನಾಲ್ಕಡಿ ಅಗಲದ ಮೆಟ್ಟಿಲು ಸಾಕು. ಅಂಥ ಒಂದು ಮೆಟ್ಟಿಲನ್ನು ಹತ್ತಿರದಿಂದ ನೋಡಿದರೆ ಅದರ ಸ್ಥಿತಿ ಗೊತ್ತಾಗುತ್ತದೆ. ಒಂದು ಬದಿಗೆ ಎರಡೂ ಮನೆಗಳ ನೀರಿನ ಪೈಪು, ಇನ್ನೊಂದು ಬದಿಗೆ ಚರಂಡಿ. ಹಿಡಿದುಕೊಳ್ಳಲು ಜಿಐ ಪೈಪಿನ ಕಂಬಿ, ಅದೂ ಅರ್ಧದ ತನಕ. ಜೂನ್ ಬಂತೆಂದರೆ ಮೆಟ್ಟಿಲ ಮೇಲೆಲ್ಲ ಪಾಚಿ. ಯಾರಾದರೂ ಬಿದ್ದ ಮೇಲೆ ಪಕ್ಕದ ಮನೆಯವರು ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಮುಂದಿನ ಮಳೆಗೆ ಅದು ತೊಳೆದು ಹೋಗುತ್ತದೆ. ಮೇಲಿನ ರಸ್ತೆಯ ಮಕ್ಕಳು ಶಾಲೆಗೆ, ಕೆಳಗಿನವರು ಬಸ್ಸಿಗೆ, ಎಲ್ಲರೂ ಇದರಲ್ಲೇ. ಊರಿನ ಒಳ್ಳೆಯ ರಸ್ತೆಗಳಷ್ಟೇ ಕೆಲಸ ಮಾಡುತ್ತಿದೆ. ಆದರೆ ಗಾಡಿ ಹೋಗಲ್ಲ ಅನ್ನುವ ಒಂದೇ ಕಾರಣಕ್ಕೆ ಇದನ್ನು ಯಾರೂ ರಸ್ತೆ ಅಂತ ನೋಡುವುದಿಲ್ಲ.

ಇದು ಬರೀ ನಮ್ಮ ಕಥೆ ಅಲ್ಲ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಂ ಮಿಲ್ಲಾರ್ಡ್-ಬಾಲ್ ಅನ್ನುವ ಇಬ್ಬರು ಸಂಶೋಧಕರು ಓಪನ್ ಸ್ಟ್ರೀಟ್ ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆ ಮತ್ತು ಉಪಗ್ರಹ ಚಿತ್ರಗಳ ಮಾಹಿತಿ ಇಟ್ಟುಕೊಂಡು ಇಡೀ ಪ್ರಪಂಚದ ಬೀದಿಗಳನ್ನು ಅಳೆದಿದ್ದಾರೆ. 2020ರಲ್ಲಿ ಅವರು ಪ್ರಕಟಿಸಿದ ಪ್ರಕಾರ 1975ರಿಂದ ಈಚೆಗೆ ಪ್ರಪಂಚದ ಬಹಳಷ್ಟು ಕಡೆ ಹೊಸದಾಗಿ ಬೆಳೆದ ಭಾಗಗಳಲ್ಲಿ ಬೀದಿಗಳು ಕೂಡುವುದು ಕಮ್ಮಿಯಾಗುತ್ತಾ ಬಂದಿದೆ. ಅಮೆರಿಕದ ಬಗ್ಗೆ ಅದಕ್ಕೆ ಮುಂಚೆ, 2015ರಲ್ಲಿ, ಅವರೇ ಇನ್ನೊಂದು ಲೆಕ್ಕ ಕೊಟ್ಟಿದ್ದರು. ಅಲ್ಲಿ ಈ ಬಿಡಿಬಿಡಿ ರಸ್ತೆಯ ಚಾಳಿ 1994ರ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯತೊಡಗಿತಂತೆ. ಅವರು ಒತ್ತಿ ಹೇಳುವ ಇನ್ನೊಂದು ಮಾತು ನಮಗೆ ಮುಖ್ಯ. ಮನೆ ಕೆಡವಿ ಕಟ್ಟಬಹುದು, ಅಂಗಡಿ ಬದಲಾಗಬಹುದು, ಆದರೆ ಒಮ್ಮೆ ಹಾಕಿದ ಬೀದಿಯ ಗೆರೆ ಹೆಚ್ಚುಕಮ್ಮಿ ಶಾಶ್ವತ. ಮಹದೇವಪೇಟೆಯ ಓಣಿ ಇವತ್ತಿಗೂ ಇದೆ. ಇವತ್ತು ಕುಶಾಲನಗರದಲ್ಲಿ ಹಾಕುವ ಡೆಡ್ ಎಂಡ್ ಕೂಡ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಹಾಗಾದರೆ ಹೊಸ ರಸ್ತೆಗಳು ಯಾಕೆ ಸೇರುವುದಿಲ್ಲ? ಯಾರೋ ಕೆಟ್ಟವರು ಕೂತು ಪ್ಲಾನ್ ಮಾಡಿದ್ದಲ್ಲ. ಲೆಕ್ಕವೇ ಹಾಗಿದೆ. ಒಂದು ಬಡಾವಣೆಯ ರಸ್ತೆಯನ್ನು ಗಡಿಯ ತನಕ ಒಯ್ದು ಪಕ್ಕದ ಜಮೀನಿಗೆ ಬಾಯಿ ಬಿಡಬೇಕಾದರೆ ಕೊನೆಯ ಸೈಟಿನ ಜಾಗ ರಸ್ತೆಗೆ ಹೋಗುತ್ತದೆ. 30 ಅಡಿ ಅಗಲದ ರಸ್ತೆ, 40 ಅಡಿ ಉದ್ದ: ಅದು ಒಂದು 30×40 ಸೈಟು. ಅಂದರೆ ಪ್ರತಿ ಕೊಂಡಿಗೂ ಬಡಾವಣೆ ಮಾಡುವವರಿಗೆ ಒಂದು ಸೈಟು ನಷ್ಟ. ಲಾಭ ಆಗುವುದು ಯಾರಿಗೆ? ಪಕ್ಕದ ಜಮೀನಿನವನಿಗೆ ಪುಕ್ಕಟೆ ದಾರಿ ಸಿಗುತ್ತದೆ, ಊರಿಗೆ ಅನುಕೂಲವಾಗುತ್ತದೆ, ಸೈಟು ಮಾರುವವನಿಗೆ ಮಾತ್ರ ಏನೂ ಇಲ್ಲ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಸ್ತೆಯನ್ನು ಗಡಿಯ ಹತ್ತಿರ ತಂದು ಕೊನೆಗೆ ಒಂದೆರಡು ಅಡಿ ಜಾಗ ತಮ್ಮ ಹೆಸರಲ್ಲೇ ಉಳಿಸಿಕೊಳ್ಳುತ್ತಾರೆ. ನಾಳೆ ಪಕ್ಕದವನು ದಾರಿ ಕೇಳಿಕೊಂಡು ಬಂದರೆ ಆಗ ರೇಟು ಮಾತಾಡಬಹುದಲ್ಲ!

ಜಮೀನು ಮಾರಾಟ ಆಗುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಈ ವರ್ಷ ಒಬ್ಬರ ಗದ್ದೆ ಕನ್ವರ್ಷನ್ ಆಗುತ್ತದೆ, ನಾಲ್ಕು ವರ್ಷ ಬಿಟ್ಟು ಪಕ್ಕದವರದ್ದು. ಒಂದೊಂದು ಸರ್ವೆ ನಂಬರಿಗೂ ಪ್ರತ್ಯೇಕ ನಕ್ಷೆ, ಪ್ರತ್ಯೇಕ ಅನುಮೋದನೆ. ನಕ್ಷೆ ನೋಡುವವರು ರಸ್ತೆ ಅಗಲ ಸರಿ ಇದೆಯಾ, ಪಾರ್ಕಿಗೆ ಜಾಗ ಬಿಟ್ಟಿದ್ದಾರಾ, ಸಿ.ಎ. ಸೈಟು (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ ಜಾಗ) ಇದೆಯಾ ಅಂತ ನೋಡುತ್ತಾರೆ. ನಾಳೆ ಪಕ್ಕದಲ್ಲಿ ಇನ್ನೊಂದು ಬಡಾವಣೆ ಬಂದರೆ ಈ ರಸ್ತೆ ಎಲ್ಲಿ ಸೇರಬೇಕು ಅನ್ನುವ ಪ್ರಶ್ನೆ ಆ ಹಾಳೆಯಲ್ಲಿ ಕಾಣುವುದೇ ಇಲ್ಲ, ಯಾಕೆಂದರೆ ಹಾಳೆ ಗಡಿಗೆ ಮುಗಿಯುತ್ತದೆ. ಮೊದಲು ಎರಡು ಗದ್ದೆಗಳ ನಡುವೆ ಬದು ಇತ್ತು. ಬದುವಿನ ಮೇಲೆ ಯಾರು ಬೇಕಾದರೂ ನಡೆದು ಹೋಗುತ್ತಿದ್ದರು. ಬಡಾವಣೆ ಆದ ಮೇಲೆ ಅದೇ ಬದುವಿನ ಗೆರೆಯಲ್ಲಿ ಎಂಟಡಿ ಕಾಂಪೌಂಡ್ ಎದ್ದಿತು.

ಇದರ ಪರಿಣಾಮವನ್ನು ಮೀಟರಿನಲ್ಲಿ ನೋಡೋಣ. ಎರಡು ಬಡಾವಣೆ ಅಕ್ಕಪಕ್ಕ ಅಂಟಿಕೊಂಡಿವೆ, ಎರಡರ ಒಳರಸ್ತೆಯೂ 400 ಮೀಟರ್ ಉದ್ದ, ಎರಡರ ಕಮಾನುಗಳ ನಡುವೆ ಮೈನ್ ರೋಡಿನಲ್ಲಿ 150 ಮೀಟರ್ ಅಂತ ಇಟ್ಟುಕೊಳ್ಳಿ. ನಿಮ್ಮ ಮನೆ ಒಂದರ ಕೊನೆಯಲ್ಲಿ, ಮಗುವಿನ ಟ್ಯೂಷನ್ ಇನ್ನೊಂದರ ಕೊನೆಯಲ್ಲಿ, ನಡುವೆ ಗೋಡೆ. ಗೋಡೆ ಇಲ್ಲದಿದ್ದರೆ 40 ಮೀಟರ್, ಮಗು ಒಬ್ಬನೇ ಓಡಿ ಹೋಗುತ್ತಾನೆ. ಗೋಡೆ ಇದ್ದರೆ 950 ಮೀಟರ್, ಅದೂ ಹೆದ್ದಾರಿ ಬದಿಯಲ್ಲಿ. ಯಾವ ತಾಯಿ ಮಗುವನ್ನು ಒಬ್ಬನೇ ಕಳಿಸುತ್ತಾಳೆ? ಸ್ಕೂಟರ್ ತೆಗೆಯುತ್ತಾಳೆ. ಬಿಡಲು ಒಂದು ಸಲ, ಕರೆದುಕೊಂಡು ಬರಲು ಒಂದು ಸಲ. ಮೈನ್ ರೋಡಿನ ಜಾಮ್‌ನಲ್ಲಿ ಟೂರಿಸ್ಟ್ ಗಾಡಿಗಳ ಜೊತೆ ಇಂಥ ಸ್ಕೂಟರ್‌ಗಳು ಎಷ್ಟಿವೆ ಅಂತ ಒಂದು ಸಂಜೆ ನಿಂತು ನೋಡಿ. ಚೌಕ ಬೀದಿಗಳ ಊರಿನಲ್ಲಿ ಒಂದು ಜಂಕ್ಷನ್‌ನಿಂದ ಇನ್ನೊಂದಕ್ಕೆ ಹೋಗಲು ನೇರ ದೂರಕ್ಕಿಂತ ನಡೆಯುವ ದೂರ ಹೆಚ್ಚೆಂದರೆ ಸುಮಾರು 1.41 ಪಟ್ಟು ಆಗಬಹುದು. ಮೇಲಿನ ಲೆಕ್ಕದಲ್ಲಿ ಅದು 23 ಪಟ್ಟು ದಾಟಿತು.

ಗೊತ್ತಿಲ್ಲದೆ ಇಂಥ ಬಡಾವಣೆಗೆ ಬಂದ ಸಿಲಿಂಡರ್ ಗಾಡಿಯವನ ಮಾತು ಎಲ್ಲ ಕಡೆ ಒಂದೇ. "ಅಣ್ಣ, ಈ ಕಡೆಯಿಂದ ಹೋದ್ರೆ ಮೈನ್ ರೋಡ್ ಸಿಗುತ್ತಾ?" "ಇಲ್ಲಪ್ಪ, ಅಲ್ಲಿಗೆ ಮುಗೀತು, ರಿವರ್ಸ್ ತಗೋ." ಕಸದ ಆಟೋದವನಂತೂ ದಿನಾ ಹತ್ತು ಅಡ್ಡರಸ್ತೆಗೂ ರಿವರ್ಸ್‌ನಲ್ಲೇ ಹೋಗಬೇಕು.

ಮಳೆಗಾಲದಲ್ಲಿ ಇದು ಬರೀ ಕಿರಿಕಿರಿಯ ವಿಷಯ ಅಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆಯಂಥ ಕಡೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನದಿ ಕಡೆಗೆ ಇಳಿಜಾರಾಗಿರುವ ಜಾಗದಲ್ಲಿ ಹೊರಗೆ ಹೋಗುವ ರಸ್ತೆ ಒಂದೇ ಇದ್ದು ಅದೇ ಮೊದಲು ಮುಳುಗಿದರೆ, ಮನೆಗೆ ನೀರು ಬರುವ ಮುಂಚೆಯೇ ಜನ ಒಳಗೆ ಸಿಕ್ಕಿಹಾಕಿಕೊಂಡ ಹಾಗೆ. ಹಿಂದೆ ಎತ್ತರದ ಬಡಾವಣೆಗೆ ಒಂದು ಕಾಲುದಾರಿ ಇದ್ದರೂ ಸಾಕು, ವಯಸ್ಸಾದವರನ್ನು ಆಚೆ ಸಾಗಿಸಬಹುದು. ಮಡಿಕೇರಿ ಕಡೆ ಪ್ರವಾಹ ಬೇಡ, ಒಂದು ಸಿಲ್ವರ್ ಮರ ವೈರಿನ ಸಮೇತ ಅಡ್ಡ ಬಿದ್ದರೆ ಸಾಕು, ಅದನ್ನು ಕುಯ್ದು ಎತ್ತುವ ತನಕ ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಜಿಲ್ಲೆಯ ಮಟ್ಟದಲ್ಲೂ ಇದೇ ಪಾಠ ಆಗಿದೆ. 2018ರಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರಿಗೆ ಇಳಿಯುವ ಸಂಪಾಜೆ ದಾರಿ ಬಂದ್ ಆದಾಗ ಶಿರಾಡಿ ಘಾಟಿಯೂ ಬಂದ್ ಆಗಿತ್ತು. ಮಡಿಕೇರಿಯಿಂದ ಹೊರಡುವ ಮಂಗಳೂರು ರಸ್ತೆಗೆ ಊರಿನ ಹತ್ತಿರ ಏನಾದರೂ ಆದರೆ ಮೇಕೇರಿ–ತಾಳತ್ತಮನೆ ರಸ್ತೆ ಇದೆ ಅನ್ನುವುದೇ ಒಂದು ಧೈರ್ಯ. ಆ ಒಂದು ಸಣ್ಣ ರಸ್ತೆ ವಿರಾಜಪೇಟೆ ರಸ್ತೆಗೂ ಮಂಗಳೂರು ರಸ್ತೆಗೂ ಕೊಂಡಿ. ಮಾಮೂಲಿ ದಿನ ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಹಾಗಾದರೆ ಇನ್ನಷ್ಟು ಗುಡ್ಡ ಅಗೆದು ರಸ್ತೆ ಮಾಡಿ ಅಂತ ನಾನು ಹೇಳುತ್ತಿಲ್ಲ. 2018ರ ಕುಸಿತಗಳನ್ನು ನೋಡಿದ ಭೂವಿಜ್ಞಾನಿಗಳು ಮಳೆಯ ಜೊತೆಗೆ ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಹೇಗೆ ಬೇಕೋ ಹಾಗೆ ಕಡಿದದ್ದನ್ನೂ ಕಾರಣ ಅಂತ ಹೇಳಿದ್ದಾರೆ. ಕುಶಾಲನಗರದ ಸಮತಟ್ಟು ಜಾಗಕ್ಕೆ ಹೊಂದುವ ಚೌಕ ಬೀದಿಯನ್ನು ಮಡಿಕೇರಿಯ ಮಂಗಳಾದೇವಿ ನಗರದ ಗುಡ್ಡಕ್ಕೆ ತಂದು ಹಾಕಿದರೆ ಅದು ಹುಚ್ಚುತನ. ಗುಡ್ಡದಲ್ಲಿ ಬೇಕಾದದ್ದು ಮೆಟ್ಟಿಲು: ನೀರು ಹೋಗಲು ಪಕ್ಕದಲ್ಲಿ ಸರಿಯಾದ ಚರಂಡಿ, ಪೂರ್ತಿ ಉದ್ದಕ್ಕೂ ಕೈಗಂಬಿ, ರಾತ್ರಿಗೆ ಒಂದು ಬೀದಿದೀಪ. ರಸ್ತೆಯ ಉದ್ದ ಹೆಚ್ಚಾಗಬೇಕಿಲ್ಲ, ಕೂಡುವ ಜಾಗ ಹೆಚ್ಚಾಗಬೇಕು. ಎಷ್ಟೋ ಕಡೆ ಕೊರತೆ ಇರುವುದು ಇಪ್ಪತ್ತು ಮೂವತ್ತು ಅಡಿ ಅಷ್ಟೇ.

ಊರ ಹೊರಗಿನ ತೋಟಗಳ ಕಡೆ ಕಥೆ ಸ್ವಲ್ಪ ಬೇರೆ. ಅಲ್ಲಿ ಮೊದಲಿಂದ ತೋಟದೊಳಗೆ ಹಾದು ಹೋಗುವ ಕಾಲುದಾರಿ, ಗಾಡಿದಾರಿ ಎಷ್ಟೋ ಇದ್ದವು. ಈಗ ಒಂದೊಂದಾಗಿ ಗೇಟು ಬೀಳುತ್ತಿದೆ. ತೋಟ ಕೈ ಬದಲಾದಾಗ, ಅದರಲ್ಲೂ ಹೊರಗಿನವರು ತೆಗೆದುಕೊಂಡು ರೆಸಾರ್ಟ್ ಮಾಡಿದಾಗ, ಮೊದಲ ಕೆಲಸವೇ ಬೇಲಿ. ಆಮೇಲೆ ದಾರಿ ತಕರಾರು, ನಕಾಶೆ ಕಂಡ ದಾರಿ ಹೌದೋ ಅಲ್ಲವೋ ಅಂತ ತಾಲ್ಲೂಕು ಕಚೇರಿಗೆ ಅಲೆದಾಟ. ಇನ್ನು ಸಿದ್ದಾಪುರ ಕಡೆ ಗೇಟು ತೆರೆದೇ ಇದ್ದರೂ ಸಂಜೆ ಮೇಲೆ ಯಾರೂ ತೋಟದೊಳಗೆ ಅಡ್ಡದಾರಿ ಹಿಡಿಯುವುದಿಲ್ಲ. ಆನೆ ಯಾವ ಮಾಸ್ಟರ್ ಪ್ಲಾನ್ ನೋಡಿಕೊಂಡು ಓಡಾಡುತ್ತದೆ ಹೇಳಿ!

ರಸ್ತೆ ಸೇರಿಸೋಣ ಅಂದಾಗ ಬಡಾವಣೆಯವರೇ ವಿರೋಧ ಮಾಡುವುದೂ ಉಂಟು. ಅವರ ಮಾತಿನಲ್ಲೂ ಅರ್ಥ ಇದೆ. ಈಗ ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಾರೆ, ನಾಳೆ ಆಚೆ ಕಡೆಯ ಗಾಡಿಗಳೆಲ್ಲ ಇಲ್ಲಿಂದ ಶಾರ್ಟ್‌ಕಟ್ ಹೊಡೆಯುತ್ತವೆ. ಗೂಗಲ್ ಮ್ಯಾಪ್ ತೋರಿಸಿತು ಅಂತ ವೀಕೆಂಡಿನಲ್ಲಿ ಹೊರಗಿನ ಕಾರುಗಳೂ ನುಗ್ಗುತ್ತವೆ. ಇದಕ್ಕೆ ಉತ್ತರ ಇದೆ. ಎಲ್ಲ ಕೊಂಡಿಯೂ ಕಾರಿಗೇ ಆಗಬೇಕೆಂದಿಲ್ಲ. ಗೋಡೆಯಲ್ಲಿ ಆರಡಿ ಬಿಟ್ಟು ಮಧ್ಯೆ ಒಂದು ಕಲ್ಲುಕಂಬ ನೆಟ್ಟರೆ ನಡೆಯುವವರು, ಸೈಕಲ್ಲು, ವೀಲ್‌ಚೇರ್ ಹೋಗುತ್ತವೆ, ಕಾರು ಹೋಗುವುದಿಲ್ಲ. ಬೈಕಿನವರು ಹೇಗೂ ನುಗ್ಗುತ್ತಾರೆ, ಅವರನ್ನು ತಡೆಯುವ ಕಂಬ ಇನ್ನೂ ಹುಟ್ಟಿಲ್ಲ. ಡೆನ್ಮಾರ್ಕ್, ಜರ್ಮನಿಯಂಥ ಕಡೆ ಕಾರಿಗೆ ಮುಚ್ಚಿದ ರಸ್ತೆಗಳನ್ನು ಕಾಲುದಾರಿ, ಸೈಕಲ್ ದಾರಿಗಳಿಂದ ಸೇರಿಸಿದ್ದನ್ನು ಮೇಲೆ ಹೇಳಿದ ಸಂಶೋಧಕರೂ ಗುರುತಿಸಿದ್ದಾರೆ. ಇನ್ನು ಗೇಟು ಹಾಕಿ ಇದು ನಮ್ಮದೇ ರಸ್ತೆ ಅನ್ನುವವರಿಗೆ ಒಂದು ಮಾತು: ಅನುಮೋದನೆ ಆದ ಬಡಾವಣೆಯ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಅದು ಊರಿನ ರಸ್ತೆ.

ಈಗ ಯಾಕೆ ಇದನ್ನೆಲ್ಲ ಹೇಳುತ್ತಿದ್ದೇನೆ ಅಂದರೆ, ಕುಶಾಲನಗರಕ್ಕೆ ಇನ್ನೂ ದೊಡ್ಡ ಬೆಳವಣಿಗೆ ಬರುವುದಿದೆ. ತಾಲ್ಲೂಕು ಕೇಂದ್ರ ಆಯ್ತು, ಮುಳ್ಳುಸೋಗೆಯನ್ನು ಸೇರಿಸಿಕೊಂಡು ಪುರಸಭೆ ಆಯ್ತು. ಮೈಸೂರು–ಕುಶಾಲನಗರ ನಡುವಿನ 92 ಕಿಲೋಮೀಟರ್ ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ, ಅದು ಗುಡ್ಡೆಹೊಸೂರಿನ ತನಕ ಬರುತ್ತದೆ. ಹೀಗೆ ಎಲ್ಲಿ ಬೇಕೋ ಅಲ್ಲಿ ಹತ್ತಿ ಇಳಿಯಲು ಬಿಡದ ಹೆದ್ದಾರಿ ಬಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ದೂರದ ಗಾಡಿಗಳು ಪೇಟೆ ಬಿಟ್ಟು ಹೋಗುತ್ತವೆ, ಒಳ್ಳೆಯದೇ. ಆದರೆ ಅದೇ ಹೆದ್ದಾರಿ ತಾನು ಹಾದುಹೋಗುವ ಊರುಗಳನ್ನು ಎರಡು ಭಾಗ ಮಾಡುತ್ತದೆ. ಆಚೆ ಈಚೆ ಹೋಗಲು ಅಂಡರ್‌ಪಾಸ್ ಎಲ್ಲಿ ಕೊಡುತ್ತಾರೋ ಅಲ್ಲಿ ಮಾತ್ರ ದಾರಿ. ಅದರ ಸುತ್ತ ಸೈಟಿನ ರೇಟು ಏರುತ್ತದೆ, ಇನ್ನಷ್ಟು ಕಮಾನು ಏಳುತ್ತದೆ, ಪ್ರತಿಯೊಂದೂ ತನ್ನ ಪಾಡಿಗೆ ತಾನು.

ಗೋಡೆ ಎದ್ದು, ಸೈಟು ಮಾರಾಟ ಆಗಿ, ಮನೆ ಕಟ್ಟಿದ ಮೇಲೆ ಸೇರಿಸುವುದು ಬಹಳ ಕಷ್ಟ. ಆಗ ಉಳಿಯುವ ದಾರಿ ಒಂದೇ, ಪುರಸಭೆ ದುಡ್ಡು ಕೊಟ್ಟು ಒಂದು ಖಾಲಿ ಸೈಟು ಕೊಂಡು ಅದನ್ನು ರಸ್ತೆ ಮಾಡುವುದು. ನನಗೆ ಕೇಳಿದರೆ ಕೋಟಿಗಟ್ಟಲೆ ಸುರಿದು ಮೈನ್ ರೋಡ್ ಅಗಲ ಮಾಡಿ ಅಂಗಡಿ ಕೆಡವುವುದಕ್ಕಿಂತ ಇದೇ ಅಗ್ಗ. ಆದರೆ ನಕ್ಷೆಯ ಹಂತದಲ್ಲಾದರೆ ಅದೂ ಬೇಕಾಗಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಅಡಿಯಲ್ಲಿ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕೇ ಬೇಕು, ಮಡಿಕೇರಿಗೂ ಕುಶಾಲನಗರಕ್ಕೂ ಪ್ರಾಧಿಕಾರ ಇದೆ. ಪ್ರತಿ ನಕ್ಷೆಯಲ್ಲೂ ಅಕ್ಕಪಕ್ಕದ ಸರ್ವೆ ನಂಬರುಗಳನ್ನೂ ಅಲ್ಲಿನ ರಸ್ತೆಗಳನ್ನೂ ತೋರಿಸಬೇಕು, ಮೈನ್ ರೋಡ್ ಬಿಟ್ಟು ಕನಿಷ್ಠ ಇನ್ನೊಂದು ಬದಿಗೆ ರಸ್ತೆ ಗಡಿಯ ತನಕ ಹೋಗಿ ತೆರೆದಿರಬೇಕು, ಆ ಒಂದೆರಡು ಅಡಿ ಉಳಿಸಿಕೊಳ್ಳುವ ಆಟ ನಡೆಯಬಾರದು ಅಂತ ಷರತ್ತು ಹಾಕಿದರೆ ಮುಗಿಯಿತು. ಪಕ್ಕದ್ದು ಇನ್ನೂ ಗದ್ದೆಯೇ ಆಗಿದ್ದರೂ ಪರವಾಗಿಲ್ಲ, ಬಾಯಿ ತೆರೆದಿರಲಿ.

ಊರು ಹೇಗೆ ಬೆಳೆಯಬೇಕು ಅಂತ ಹೇಳುವ ಮಾಸ್ಟರ್ ಪ್ಲಾನ್‌ನ ಕರಡು ಪ್ರಕಟವಾದಾಗ ಆಕ್ಷೇಪಣೆ ಹಾಕಲು ಜನರಿಗೆ ಅವಕಾಶ ಕೊಡುತ್ತಾರೆ. ಹೆಚ್ಚಿನವರು ಆಗ ನೋಡುವುದು ತಮ್ಮ ಜಾಗ ಹಳದಿ (ಮನೆ ಕಟ್ಟುವ) ಬಣ್ಣದಲ್ಲಿದೆಯಾ ಹಸಿರು (ಕೃಷಿಯ) ಬಣ್ಣದಲ್ಲಿದೆಯಾ ಅಂತ ಮಾತ್ರ. ಅದರ ಜೊತೆಗೆ ನಿಮ್ಮ ಬೀದಿಯ ಕೊನೆಗೂ ಒಂದು ಸಲ ನಡೆದು ಹೋಗಿ, ಗೋಡೆಯ ಆಚೆ ಏನಿದೆ ಅಂತ ನೋಡಿ. ಯಾವ ಸರ್ವೆ ನಂಬರು, ಯಾವ ರಸ್ತೆಯ ತುದಿಯಿಂದ ಯಾವ ರಸ್ತೆಯ ತುದಿಗೆ, ಮಧ್ಯೆ ಎಷ್ಟು ಅಡಿ, ಗಾಡಿಗೆ ಬೇಕೋ ಕಾಲಿಗೆ ಸಾಕೋ, ಇಷ್ಟು ಬರೆದರೆ ಅರ್ಧ ಪುಟದಲ್ಲಿ ಮುಗಿಯುತ್ತದೆ. ಫೋನಿನ ಮ್ಯಾಪಿನಲ್ಲಿ ಎರಡೂ ತುದಿಗಳ ನಡುವೆ ನಡೆಯುವ ದೂರ ಎಷ್ಟು ತೋರಿಸುತ್ತದೆ ಅಂತ ಒಂದು ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಮಾಡಿ ಅದಕ್ಕೇ ಪಿನ್ ಹಾಕಿ ಕೊಡಿ, ಮತ್ತೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.